ಪಾಂಜರ್ 4 ಕಿಟ್: ಒಂದು ಮಾದರಿಯಿಂದ ಇನ್ನೊಂದು ಮಾದರಿ ಮಾಡುವವರಿಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿರುವುದು ಒಂದು ಟ್ಯಾಂಕಿನ ಕಿಟ್, ಕಟ್ಟಬೇಕೆನಿಸುವುದು ಅದರ ಅಣ್ಣನನ್ನೋ ತಮ್ಮನನ್ನೋ. ಎರಡನೇ ಮಹಾಯುದ್ಧದ ಜರ್ಮನ್ ಗಾಡಿಗಳಲ್ಲಿ ಈ ಆಸೆ ಜಾಸ್ತಿ, ಯಾಕೆಂದರೆ ಒಂದೇ ಅಡಿಪಾಯದ ಮೇಲೆ ಹತ್ತಾರು ಗಾಡಿಗಳು ಬಂದವು. ಇಲ್ಲಿ ಮುಖ್ಯವಾಗಿ 1/35 ಅಳತೆಯ ಪಾಂಜರ್ 4 ಬಗ್ಗೆ ಮಾತು. ಸ್ಟುಗ್ (ಟರೆಟ್, ಅಂದರೆ ತಿರುಗುವ ಗೋಪುರ ಇಲ್ಲದ ಫಿರಂಗಿ ಗಾಡಿ), ಹಾಫ್‌ಟ್ರ್ಯಾಕ್ (ಮುಂದೆ ಚಕ್ರ, ಹಿಂದೆ ಟ್ರ್ಯಾಕ್ ಇರುವ ಗಾಡಿ), ಪ್ಯಾಂಥರ್ ಮತ್ತು ಟೈಗರ್ ಟ್ಯಾಂಕ್ ಬಗ್ಗೆ ಬೇಕಾದಷ್ಟು ಮಾತ್ರ.

ಎಫ್, ಜಿ, ಎಚ್, ಜೆ ಅಂತ ಅಕ್ಷರಗಳಿವೆಯಲ್ಲ, ಅದನ್ನು ನೋಡಿಕೊಂಡು ಬದಲಾಯಿಸಿದರೆ ಸಾಲದಾ?

ಸಾಲದು. ಪಾಂಜರ್ 4 ಎ ಇಂದ ಜೆ ವರೆಗೆ ಬಂತು (ನಡುವೆ ಐ ಇಲ್ಲ), 1937ರಿಂದ 1945ರವರೆಗೆ. ಆದರೆ ಅಕ್ಷರ ಬದಲಾದ ದಿನ ಕಾರ್ಖಾನೆಯಲ್ಲಿ ಎಲ್ಲವೂ ಬದಲಾಗಲಿಲ್ಲ. ಒಂದು ತಿಂಗಳು ಹ್ಯಾಚ್ (ಹತ್ತಿಳಿಯುವ ಬಾಗಿಲು) ಬದಲಾಯಿತು, ಇನ್ನೊಂದು ತಿಂಗಳು ಬ್ಯಾರೆಲ್ (ಫಿರಂಗಿಯ ನಳಿಗೆ) ಉದ್ದವಾಯಿತು, ಹಳೇ ಭಾಗ ಸ್ಟಾಕ್ ಇರುವವರೆಗೂ ಅದನ್ನೇ ಹಾಕಿದರು. ಕಾರ್ಖಾನೆಗಳೂ ಮೂರು: ಮ್ಯಾಗ್ಡೆಬರ್ಗ್‌ನ ಕ್ರುಪ್-ಗ್ರೂಸನ್, ಪ್ಲಾವೆನ್‌ನ ಫೋಮಾಗ್, ಆಸ್ಟ್ರಿಯಾದ ಸೇಂಟ್ ವ್ಯಾಲೆಂಟಿನ್‌ನ ನಿಬೆಲುಂಗನ್‌ವೆರ್ಕ್. ಮೂವರೂ ಒಂದೇ ದಿನ ಒಂದೇ ಬದಲಾವಣೆ ಮಾಡುತ್ತಿರಲಿಲ್ಲ.

ಉದ್ದದ ಎಲ್/48 ಬ್ಯಾರೆಲ್ (ಈ ನಂಬರಿನ ಲೆಕ್ಕ ಕೆಳಗಿದೆ) ನೋಡಿದ ಕೂಡಲೇ "ಇದು ಎಚ್" ಅನ್ನುವವರು ತುಂಬಾ ಜನ. ಆದರೆ ಆ ಬ್ಯಾರೆಲ್ 1943ರ ಏಪ್ರಿಲ್ ಹೊತ್ತಿಗೇ ಜಿ ಮೇಲೆ ಕೂತಿತ್ತು. ಪಕ್ಕದ ತಗಡು, ಅಂದರೆ ಶೂರ್ಟ್ಸನ್ ಕೂಡ ಕೊನೆಯ ಜಿ ಗಾಡಿಗಳಿಗೆ ಬಂದಿತ್ತು. ಹಾಗಾಗಿ ಕೊನೆಯ ಜಿ, ಮೊದಲ ಎಚ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಂಥವರೂ ಒಂದು ನಿಮಿಷ ತಡವರಿಸುತ್ತಾರೆ. ನಿಮ್ಮ ಗಾಡಿಗೆ ಒಂದು ಅಕ್ಷರ ಕೊಡುವ ಬದಲು ಒಂದು ತಿಂಗಳು ಕೊಡಿ. "1943ರ ಮೇ" ಅಂತ ಬರೆದಿಟ್ಟುಕೊಂಡರೆ ಯಾವ ಭಾಗ ಬೇಕು, ಯಾವುದು ಬೇಡ ಅನ್ನುವುದು ತಾನಾಗಿ ಇತ್ಯರ್ಥವಾಗುತ್ತದೆ.

ಶುರು ಎಲ್ಲಿಂದ ಮಾಡಲಿ?

ಫೋಟೋದಿಂದ. ಯುದ್ಧಕಾಲದ ಒಂದು ನಿಜವಾದ ಗಾಡಿಯ ಫೋಟೋ ಆರಿಸಿಕೊಳ್ಳಿ. ಸಾಧ್ಯವಾದರೆ ಅದೇ ಘಟಕದ ಇನ್ನೆರಡು ಫೋಟೋ ಜೊತೆಗಿಟ್ಟುಕೊಳ್ಳಿ. ಆಮೇಲೆ ಕಿಟ್‌ನ ಸ್ಪ್ರೂಗಳನ್ನು (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಹರಡಿ, ಫೋಟೋದಲ್ಲಿ ಕಾಣುವ ಒಂದೊಂದೇ ಭಾಗ ಇದೆಯಾ ಅಂತ ನೋಡಿ. ಕಂಪನಿಗಳು ಒಂದೇ ಅಚ್ಚಿನ ಸ್ಪ್ರೂಗಳನ್ನು ನಾಲ್ಕಾರು ಡಬ್ಬಗಳಲ್ಲಿ ಹಂಚುತ್ತವೆ. ಸೂಚನಾ ಹಾಳೆಯಲ್ಲಿ "ಬಳಸಬೇಡಿ" ಅಂತ ಬಣ್ಣ ಹಚ್ಚಿದ ಭಾಗಗಳೇ ಎಷ್ಟೋ ಸಲ ನಿಮಗೆ ಬೇಕಾದವು. ಡ್ರ್ಯಾಗನ್ ಕಿಟ್‌ಗಳಂತೂ ಈ ವಿಷಯದಲ್ಲಿ ಹೆಸರುವಾಸಿ: ಕಟ್ಟಿ ಮುಗಿಸಿದ ಮೇಲೂ ಅರ್ಧ ಡಬ್ಬ ಉಳಿದಿರುತ್ತದೆ.

ಮ್ಯೂಸಿಯಂ ಫೋಟೋಗಳನ್ನು ಎರಡನೇ ಸ್ಥಾನದಲ್ಲಿಡಿ. ಬೋಲ್ಟ್ ಎಷ್ಟು ದಪ್ಪ, ಹಿಂಜ್ ಹೇಗೆ ಕೂತಿದೆ ಅನ್ನುವುದಕ್ಕೆ ಅವು ಬಂಗಾರ. ಆದರೆ ಆ ಗಾಡಿಗಳಿಗೂ ಯುದ್ಧಾನಂತರದ ಬದುಕಿದೆ. ಮಹಾಯುದ್ಧ ಮುಗಿದ ಮೇಲೆ ಸಿರಿಯಾ ದೇಶ ಹಳೇ ಪಾಂಜರ್ 4ಗಳನ್ನು ಕೊಂಡು 1960ರ ದಶಕದವರೆಗೂ ಇಸ್ರೇಲ್ ಗಡಿಯ ಗೋಲಾನ್ ಬೆಟ್ಟಗಳ ಮೇಲೆ ಇಟ್ಟುಕೊಂಡಿತ್ತು. ಇಸ್ರೇಲ್ ವಶಪಡಿಸಿಕೊಂಡ ಗಾಡಿಗಳು ಈಗ ಮ್ಯೂಸಿಯಂನಲ್ಲಿವೆ. ಅಂಥ ಗಾಡಿಯ ಮೇಲೆ ಆಮೇಲೆ ಸೇರಿಸಿದ ಮೆಷಿನ್‌ಗನ್ ಕಂಬ ಕಂಡರೆ ಅದನ್ನು 1944ರ ಫ್ರಾನ್ಸಿಗೆ ತರಬೇಡಿ.

ಯಾವ ಬದಲಾವಣೆ ಸುಲಭ, ಯಾವುದು ಕಷ್ಟ?

ಮೇಲಿಂದ ಕೆಳಕ್ಕೆ ಬಂದಷ್ಟೂ ಕಷ್ಟ. ಬ್ಯಾರೆಲ್, ಕ್ಯುಪೋಲಾ (ಟರೆಟ್ ಮೇಲಿನ ಕಮಾಂಡರನ ಗೂಡು) ಮುಚ್ಚಳ, ಸೈಲೆನ್ಸರ್, ಫೆಂಡರ್ ಮೇಲಿನ ಸಾಮಾನು: ಇವೆಲ್ಲ ಒಂದು ಸಂಜೆಯ ಕೆಲಸ. ಮುಂಭಾಗದ ಕವಚ ಬದಲಾಯಿಸುವುದು ಎರಡು ಮೂರು ದಿನದ್ದು. ಹಲ್‌ನ (ಗಾಡಿಯ ಮೈ) ಪಕ್ಕದ ಗೋಡೆಯ ಓರೆ ಬದಲಾಯಿಸಬೇಕು ಅಂದರೆ ಕಿಟ್ ಬದಲಾಯಿಸುವುದೇ ವಾಸಿ.

ಡಿ ಕಿಟ್ ಇಟ್ಟುಕೊಂಡು ಎಚ್ ಮಾಡುತ್ತೇನೆ ಅನ್ನುವವರು ಆಗಾಗ ಸಿಗುತ್ತಾರೆ. ಡಿ ಮಾದರಿಯ ಮುಂಗೋಡೆ ಮೆಟ್ಟಿಲಿನ ಹಾಗೆ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಎಫ್ ಇಂದ ಮುಂದಕ್ಕೆ ಅದು ನೇರ. ಟರೆಟ್‌ನ ಪಕ್ಕದ ಬಾಗಿಲು ಡಿಯಲ್ಲಿ ಒಂದೇ ಹಲಗೆ, ಎಫ್ ಇಂದ ಎರಡು. ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಉಕ್ಕಿನ ಪಟ್ಟಿ) ಅಗಲ 38 ಸೆಂ.ಮೀ. ಇದ್ದದ್ದು 40 ಆಯಿತು, ಅದರ ಜೊತೆ ಸ್ಪ್ರಾಕೆಟ್ (ಟ್ರ್ಯಾಕ್ ಎಳೆಯುವ ಹಲ್ಲಿನ ಚಕ್ರ), ಹಿಂದಿನ ಐಡ್ಲರ್ ಚಕ್ರ ಎಲ್ಲ ಬದಲು. 1/35ರಲ್ಲಿ ಟ್ರ್ಯಾಕ್‌ನ ವ್ಯತ್ಯಾಸ ಅರ್ಧ ಮಿಲಿಮೀಟರ್ ಚಿಲ್ಲರೆ ಅಷ್ಟೇ, ಅದನ್ನು ಯಾರೂ ನೋಡುವುದಿಲ್ಲ. ಆದರೆ ಉಳಿದದ್ದು ಎದ್ದು ಕಾಣುತ್ತದೆ. ಇಷ್ಟೆಲ್ಲ ಕುಯ್ದ ಮೇಲೆ ಡಿ ಕಿಟ್‌ನಲ್ಲಿ ಉಳಿಯುವುದು ಕೆಳಗಿನ ತೊಟ್ಟಿ ಮಾತ್ರ.

ಅಳತೆ ಲೆಕ್ಕ ಹೇಗೆ?

ನಿಜವಾದ ಮಿಲಿಮೀಟರನ್ನು 35ರಿಂದ ಭಾಗಿಸಿ. ಬಾಯಿಪಾಠ ಮಾಡಬೇಕಾದವು ಸ್ವಲ್ಪವೇ: 5 ಮಿ.ಮೀ. ತಗಡು 0.14 ಆಗುತ್ತದೆ, 30 ಮಿ.ಮೀ. ಕವಚ 0.86, 50 ಅಂದರೆ 1.43, 80 ಅಂದರೆ 2.29.

ಬ್ಯಾರೆಲ್ ಹೆಸರಲ್ಲೇ ಅದರ ಉದ್ದ ಇದೆ. 7.5 ಸೆಂ.ಮೀ. ಎಲ್/43 ಅಂದರೆ 75 ಮಿ.ಮೀ.ಯ 43 ಪಟ್ಟು, 3225 ಮಿ.ಮೀ. ಎಲ್/48 ಅಂದರೆ 3600. ವ್ಯತ್ಯಾಸ 375 ಮಿ.ಮೀ., ಕಿಟ್ ಅಳತೆಯಲ್ಲಿ 10.7 ಮಿ.ಮೀ. ಅದು ಬೆರಳಿನ ಅಗಲದ ಹತ್ತಿರ ಹತ್ತಿರ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಈ ಉದ್ದದಲ್ಲಿ ಹಿಂದಿನ ಬ್ರೀಚ್ (ಗುಂಡು ತುಂಬುವ ಭಾಗ) ಸೇರುತ್ತದೆ, ತುದಿಯ ಮಜಲ್ ಬ್ರೇಕ್ (ಒದೆತ ತಗ್ಗಿಸುವ ಮೂತಿ) ಸೇರುವುದಿಲ್ಲ. ಹಾಗಾಗಿ ಟರೆಟ್ ಹೊರಗೆ ಇಣುಕುವ ಭಾಗಕ್ಕೆ ಸ್ಕೇಲ್ ಹಿಡಿದು "ಕಡಿಮೆ ಇದೆಯಲ್ಲ" ಅಂತ ಗಾಬರಿ ಬೀಳಬೇಡಿ.

ಎಫ್ ಕಿಟ್‌ನಿಂದ ಉದ್ದ ಬ್ಯಾರೆಲ್‌ನ ಎಫ್2 ಮಾಡಬಹುದಾ?

ಖಂಡಿತ. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ, ಯಾಕೆಂದರೆ ಜರ್ಮನರು 1942ರ ಮಾರ್ಚ್‌ನಲ್ಲಿ ಮಾಡಿದ್ದೂ ಇದನ್ನೇ. ರಷ್ಯಾದಲ್ಲಿ ಟಿ-34 ಎದುರಾದ ಮೇಲೆ ಮೋಟು ಎಲ್/24 ಫಿರಂಗಿ ತೆಗೆದು ಎಲ್/43 ಕೂರಿಸಿದರು. ಕೆಲವು ತಿಂಗಳು ಅದನ್ನು ಎಫ್2 ಅಂದರು, ಆಮೇಲೆ ಜಿ ಅಂತಲೇ ಕರೆದರು.

ಬೇಕಾದದ್ದು ಇಷ್ಟು: ಹೊಸ ಬ್ಯಾರೆಲ್, ಅದರ ಬುಡದ ದಪ್ಪ ತೋಳು, ಹೊಸ ಮ್ಯಾಂಟ್ಲೆಟ್ (ಬ್ಯಾರೆಲ್ ಬುಡದ ಮುಂದಿನ ಕವಚ), ಚೆಂಡಿನ ಆಕಾರದ ಒಂದೇ ಕೋಣೆಯ ಮಜಲ್ ಬ್ರೇಕ್. ಎರಡು ಕೋಣೆಯದ್ದು ಆಮೇಲೆ ಬಂತು. ಮಾರುಕಟ್ಟೆಯ ಅಲ್ಯೂಮಿನಿಯಂ ಬ್ಯಾರೆಲ್‌ಗಳಲ್ಲಿ ಎರಡೂ ಸಿಗುತ್ತವೆ, ಕೊಳ್ಳುವಾಗ ನೋಡಿಕೊಳ್ಳಿ.

ಎಲ್ಲರೂ ಮರೆಯುವುದು ಒಂದಿದೆ. ಮೋಟು ಫಿರಂಗಿಯ ಗಾಡಿಗಳಲ್ಲಿ ಬ್ಯಾರೆಲ್ ಕೆಳಗೆ ಬಾಗಿದ ಒಂದು ಸರಳು ಇರುತ್ತದೆ. ಟರೆಟ್ ತಿರುಗುವಾಗ ಬಲಗಡೆಯ ಆಂಟೆನಾಕ್ಕೆ ಫಿರಂಗಿ ಬಡಿಯದಂತೆ ಅದನ್ನು ಪಕ್ಕಕ್ಕೆ ತಳ್ಳಿ ಮಲಗಿಸುವುದು ಅದರ ಕೆಲಸ. ಉದ್ದ ಬ್ಯಾರೆಲ್ ಬಂದಾಗ ಅದು ಹೋಯಿತು. ಅದನ್ನು ಬಿಟ್ಟರೆ ಸಾಲದು, ಅದು ಕೂರುವ ಗುಂಡಿ ಕಿಟ್‌ನಲ್ಲಿದ್ದರೆ ಅದನ್ನೂ ಮುಚ್ಚಿ.

ಜಿ ಇಂದ ಎಚ್, ಅಥವಾ ಎಚ್ ಇಂದ ಜಿ?

ಇಲ್ಲಿ ಬ್ಯಾರೆಲ್ ಬಿಟ್ಟು ಮುಂಗೋಡೆ ನೋಡಿ. ಜಿ ಗಾಡಿಗೆ 50 ಮಿ.ಮೀ. ಕವಚ, ಅದರ ಮೇಲೆ ಎಷ್ಟೋ ಗಾಡಿಗಳಿಗೆ 30 ಮಿ.ಮೀ. ಉಕ್ಕಿನ ಹಲಗೆಯನ್ನು ಬೋಲ್ಟ್ ಹಾಕಿಯೋ ವೆಲ್ಡ್ ಮಾಡಿಯೋ ಕೂರಿಸಿದರು. ಎಚ್‌ನ ಬಹುಪಾಲು ಗಾಡಿಗಳಿಗೆ ಒಂದೇ 80 ಮಿ.ಮೀ. ಹಲಗೆ. ಒಟ್ಟು ದಪ್ಪ ಎರಡಕ್ಕೂ ಒಂದೇ ಅಲ್ವಾ! ಹಾಗಾಗಿ ಎಚ್ ಕಿಟ್ ಮೇಲೆ ಇನ್ನೊಂದು ಹಲಗೆ ಅಂಟಿಸಬೇಡಿ, ಅದು 110 ಆಗಿಬಿಡುತ್ತದೆ. ಮಾಡಬೇಕಾದ್ದು ಬೇರೆ. ಹಲಗೆಯ ಅಂಚಿನಲ್ಲಿ, ಮುಂಬದಿಯಿಂದ 0.86 ಮಿ.ಮೀ. ಹಿಂದಕ್ಕೆ, ಒಂದು ಸಣ್ಣ ಗೆರೆ ಕೊರೆಯಿರಿ. ಎರಡು ಹಲಗೆ ಸೇರಿದ ಗೆರೆ ಅದು. ಆಮೇಲೆ ಚಾಲಕನ ಕಿಂಡಿಯ ಸುತ್ತ, ಮೆಷಿನ್‌ಗನ್ ಕೂರುವ ಚೆಂಡಿನಾಕಾರದ ಮೌಂಟ್ ಸುತ್ತ ಹೊರ ಹಲಗೆಯನ್ನು ಕತ್ತರಿಸಿಟ್ಟ ಹಾಗೆ ಅಂಚು ಬಿಡಿಸಿ, ಬೋಲ್ಟ್ ತಲೆಗಳನ್ನು ಹಾಕಿ. ಕೆಲಸಕ್ಕೆ ಬಾರದ ಯಾವುದೋ ಭಾಗದ ಮೇಲಿನ ಬೋಲ್ಟ್ ತಲೆಗಳನ್ನು ಹೊಸ ಬ್ಲೇಡಿನಿಂದ ಸವರಿ ತೆಗೆದು, ತೆಳು ಸಿಮೆಂಟಿನ ಒಂದು ಹನಿಯ ಮೇಲೆ ಬ್ರಶ್ ತುದಿಯಿಂದ ಕೂರಿಸಿ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಫ್ಯಾನ್ ಆಫ್ ಮಾಡಿ.

ಉಳಿದದ್ದು ಬೇಗ ಹೇಳುತ್ತೇನೆ. ಎಚ್‌ಗೆ ಹೊಸ ಸ್ಪ್ರಾಕೆಟ್ ಮತ್ತು ಫೈನಲ್ ಡ್ರೈವ್ (ಸ್ಪ್ರಾಕೆಟ್ ತಿರುಗಿಸುವ ಗೇರು) ಕವಚ ಬಂತು. ಆಂಟೆನಾ, ಬಲ ಫೆಂಡರ್ ಮೇಲೆ ಅದನ್ನು ಮಲಗಿಸುವ ದೋಣಿಯಂಥ ಮರದ ಪೆಟ್ಟಿಗೆ ಇದ್ದ ಜಾಗದಿಂದ ಎಡ ಹಿಂಬದಿಗೆ ಹೋಯಿತು. ಕ್ಯುಪೋಲಾದ ಎರಡು ರೆಕ್ಕೆಯ ಮುಚ್ಚಳ 1943ರ ಆರಂಭದಲ್ಲೇ, ಜಿ ಕಾಲದಲ್ಲೇ, ಒಂದೇ ದುಂಡು ಮುಚ್ಚಳ ಆಗಿತ್ತು. ಟರೆಟ್ ಪಕ್ಕದ ಮುಂದಿನ ಕಿಂಡಿಗಳು ಅದಕ್ಕೂ ಮೊದಲು, 1942ರಲ್ಲೇ ಮಾಯ.

ಎಚ್ ಕಿಟ್ ಇದೆ, ಜೆ ಮಾಡಬೇಕು. ಏನೇನು ತೆಗೆಯಲಿ?

ಜೆ ಅಂದರೆ ಕತ್ತರಿ ಹಾಕಿದ ಎಚ್. ಉಳಿತಾಯ ಮಾಡಿ, ಬೇಗ ಕಟ್ಟಿ, ಜಾಸ್ತಿ ಕಳಿಸುವುದು ಉದ್ದೇಶ. ಟರೆಟ್ ತಿರುಗಿಸುವ ವಿದ್ಯುತ್ ಮೋಟಾರನ್ನು ತೆಗೆದು ಆ ಜಾಗದಲ್ಲಿ 200 ಲೀಟರ್‌ನ ಇನ್ನೊಂದು ಪೆಟ್ರೋಲ್ ಟ್ಯಾಂಕ್ ಇಟ್ಟರು. ಟರೆಟ್ ಇನ್ನು ಕೈಯಲ್ಲಿ ತಿರುಗಿಸಬೇಕು. ಇದು ಒಳಗಿನ ಬದಲಾವಣೆಯಾದರೂ ಹೊರಗೆ ಗುರುತು ಬಿಟ್ಟಿದೆ. ಆ ಮೋಟಾರಿಗೆ ಕರೆಂಟ್ ಕೊಡುತ್ತಿದ್ದ ಸಣ್ಣ ಎಂಜಿನ್‌ನ ಸೈಲೆನ್ಸರ್ ಹಿಂಬದಿಯಲ್ಲಿ, ದೊಡ್ಡ ಉರುಳೆ ಸೈಲೆನ್ಸರ್‌ನ ಎಡಕ್ಕೆ ಇರುತ್ತಿತ್ತು. ಜೆಯಲ್ಲಿ ಅದು ಇಲ್ಲ. ಅದನ್ನು ಕಿತ್ತು, ತೂತು ಮುಚ್ಚಿ, ಉಪ್ಪುಕಾಗದ ಉಜ್ಜಿದರೆ ಮೊದಲ ತಿಂಗಳುಗಳ ಜೆ ಮುಕ್ಕಾಲು ಪಾಲು ಮುಗಿಯಿತು.

ಆಮೇಲಿನದ್ದು ತಿಂಗಳ ಲೆಕ್ಕ. 1944ರ ಯುರೋಪಿನ ಬೇಸಿಗೆ ಕಳೆಯುತ್ತಿದ್ದಂತೆ ದೊಡ್ಡ ಸೈಲೆನ್ಸರ್ ಹೋಗಿ, ನಿಂತ ಎರಡು ಕೊಳವೆಗಳು ಬಂದವು. ಸೆಪ್ಟೆಂಬರ್ 9ಕ್ಕೆ ಜಿಮ್ಮರಿಟ್ ಲೇಪನ ನಿಲ್ಲಿಸುವ ಆದೇಶ ಬಂತು. ಪಕ್ಕದ ತಗಡಿನ ಬದಲು ತಂತಿ ಜಾಲರಿ ಬಂದದ್ದೂ ಹೆಚ್ಚುಕಡಿಮೆ ಆ ಹೊತ್ತಿಗೇ. ವರ್ಷದ ಕೊನೆಗೆ, ಡಿಸೆಂಬರ್ ಹೊತ್ತಿಗೆ, ಟ್ರ್ಯಾಕ್ ಮೇಲ್ಭಾಗವನ್ನು ಹೊರುವ ಸಣ್ಣ ಚಕ್ರಗಳು ಒಂದು ಪಕ್ಕಕ್ಕೆ ನಾಲ್ಕಿದ್ದದ್ದು ಮೂರಾದವು. ಈಗ ನೀವೇ ಹೇಳಿ: ಮೂರು ಚಕ್ರ ಇರುವ ಜೆ ಮೇಲೆ ಜಿಮ್ಮರಿಟ್ ಇದ್ದರೆ ಸರಿಯಾ? ಸ್ಪರ್ಧೆಗಳ ಮೇಜಿನ ಮೇಲೆ ಇಂಥವು ಬರುತ್ತಲೇ ಇರುತ್ತವೆ, ಬಣ್ಣ ಮಾತ್ರ ಅದ್ಭುತವಾಗಿರುತ್ತದೆ.

ಆ ಹೊತ್ತಿಗೆ ಕ್ರುಪ್ ಮತ್ತು ಫೋಮಾಗ್ ಬೇರೆ ಗಾಡಿಗಳಿಗೆ ತಿರುಗಿದ್ದರಿಂದ ಕೊನೆಯ ಜೆಗಳು ನಿಬೆಲುಂಗನ್‌ವೆರ್ಕ್ ಒಂದರಿಂದಲೇ ಬಂದವು. ಮೂರು ಕಾರ್ಖಾನೆಗಳ ತಲೆನೋವು ಇಲ್ಲ. ಹೊಸಬರು ಇದನ್ನೇ ಆರಿಸಿಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ.

ಜಿಮ್ಮರಿಟ್ ಮನೆಯಲ್ಲೇ ಮಾಡಬಹುದಾ? ಎಂ-ಸೀಲ್ ನಡೆಯುತ್ತದಾ?

ನಡೆಯುತ್ತದೆ, ಆದರೆ ಮೊದಲು ಅದು ಏನು ಅಂತ ತಿಳಿದುಕೊಳ್ಳಿ. ಶತ್ರು ಸೈನಿಕ ಬಂದು ಅಯಸ್ಕಾಂತದ ಬಾಂಬ್ ಅಂಟಿಸದಂತೆ ಉಕ್ಕಿನ ಮೇಲೆ ಬಳಿದ ಗಾರೆ ಅದು. ಬರ್ಲಿನ್‌ನ ಜಿಮ್ಮರ್ ಕಂಪನಿಯದ್ದು. ಬೇರಿಯಂ ಸಲ್ಫೇಟ್, ಅಂಟು, ಮರದ ಹೊಟ್ಟು, ಬಣ್ಣದ ಪುಡಿ ಸೇರಿಸಿದ್ದು. 1943ರ ಆಗಸ್ಟ್-ಸೆಪ್ಟೆಂಬರ್‌ನಿಂದ ಕಾರ್ಖಾನೆಯಲ್ಲೇ ಹಚ್ಚಿದರು. ಗುಂಡು ಬಿದ್ದರೆ ಅದಕ್ಕೆ ಬೆಂಕಿ ಹತ್ತುತ್ತದೆ ಅಂತ ಸುದ್ದಿ ಹಬ್ಬಿ ನಿಂತಿತು. ಪರೀಕ್ಷೆ ಮಾಡಿದಾಗ ಸುದ್ದಿ ಸುಳ್ಳಾಗಿತ್ತು, ಆದರೂ ಮತ್ತೆ ಶುರು ಮಾಡಲಿಲ್ಲ.

ಪದರದ ದಪ್ಪ ಕೆಲವೇ ಮಿಲಿಮೀಟರ್. ಅದನ್ನು 35ರಿಂದ ಭಾಗಿಸಿದರೆ ಕಾಗದದಷ್ಟು. ಹಾಗಾಗಿ ಎಂ-ಸೀಲ್‌ನ ಸಣ್ಣ ಗೋಲಿ ಮಾಡಿ, ಪೌಡರ್ ಹಾಕಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಲಟ್ಟಿಸಿ, ಒದ್ದೆ ಬೆರಳಿಂದ ಹಲ್ ಮೇಲೆ ಹಬ್ಬಿಸಿ. ಎಷ್ಟು ತೆಳು ಅಂದರೆ ಕೆಳಗಿನ ಪ್ಲಾಸ್ಟಿಕ್ ಬಣ್ಣ ಅಲ್ಲಲ್ಲಿ ಇಣುಕಬೇಕು. ಆಮೇಲೆ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ತುದಿಯಿಂದ, ಪ್ರತಿ ಸಲ ನೀರಲ್ಲಿ ಅದ್ದಿ, ಅಡ್ಡ ಗೀರುಗಳನ್ನು ಒತ್ತುತ್ತಾ ಹೋಗಿ. ಎಂ-ಸೀಲ್ ಬೇಗ ಬಿಗಿಯುತ್ತದೆ. ಒಂದು ಸಲಕ್ಕೆ ಒಂದೇ ಹಲಗೆ ಕಲಸಿ. ನಿಧಾನವಾಗಿ ಮಾಡುವವರಿಗೆ ಮಿಲಿಪುಟ್ ಅಥವಾ ತಮಿಯಾದ ಎಪಾಕ್ಸಿ ಪುಟ್ಟಿ ಹೆಚ್ಚು ಸಮಯ ಕೊಡುತ್ತದೆ. ಗೀರು ಅಚ್ಚುಕಟ್ಟಾಗಿರಬೇಕಿಲ್ಲ. ಕೈಯಲ್ಲಿ ಎಳೆದದ್ದು ಅದು, ಸೊಟ್ಟಪಟ್ಟ ಇದ್ದರೇ ಚೆಂದ.

ವಿನ್ಯಾಸ ಕಾರ್ಖಾನೆಗೆ ತಕ್ಕ ಹಾಗೆ ಬೇರೆ. ಚೌಕಚೌಕದ ಜಾಲರಿ ಕಂಡರೆ ಅದು ಸಾಮಾನ್ಯವಾಗಿ ಬರ್ಲಿನ್‌ನ ಆಲ್ಕೆಟ್ ಕಾರ್ಖಾನೆಯ ಸ್ಟುಗ್ 3. ಅದನ್ನು ಪಾಂಜರ್ 4 ಮೇಲೆ ಹಾಕಬೇಡಿ.

ಶೂರ್ಟ್ಸನ್ ತಗಡಿಗೆ ಫೋಟೋ-ಎಚ್ಚಿಂಗ್ ಸೆಟ್ (ತೆಳು ಹಿತ್ತಾಳೆ ಹಾಳೆಯ ಭಾಗಗಳು) ಕೊಳ್ಳಲೇಬೇಕಾ?

ಕೊಳ್ಳದಿದ್ದರೂ ನಡೆಯುತ್ತದೆ. ನಿಜವಾದ ಹಲ್ ತಗಡು 5 ಮಿ.ಮೀ., ಟರೆಟ್ ಸುತ್ತಿನದ್ದು 8. ರಷ್ಯನ್ನರ 14.5 ಮಿ.ಮೀ. ಟ್ಯಾಂಕ್-ವಿರೋಧಿ ರೈಫಲ್ ತಡೆಯಲು ಅಷ್ಟು ಸಾಕಿತ್ತು. ಕಿಟ್‌ನ ಪ್ಲಾಸ್ಟಿಕ್ ತಗಡನ್ನು ಅಳೆದು ನೋಡಿ, ಅರ್ಧ ಮಿಲಿಮೀಟರ್ ಇದ್ದರೂ ಅದು 17 ಮಿ.ಮೀ. ಉಕ್ಕಾಯಿತು! ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಸುಮಾರು 0.1 ಮಿ.ಮೀ. ಇರುತ್ತದೆ, ಬೇಕಾದ 0.14ಕ್ಕೆ ತುಂಬಾ ಹತ್ತಿರ. ಕತ್ತರಿಯಲ್ಲಿ ಕತ್ತರಿಸಬಹುದು, ಹೊರಗಿನ ಬಣ್ಣ ಉಜ್ಜಿ ತೆಗೆದು ಪ್ರೈಮರ್ ಹಾಕಿದರೆ ಪೇಂಟ್ ಹಿಡಿಯುತ್ತದೆ. ಮೂಲೆ ಬಗ್ಗಿಸಬಹುದು, ಒಂದು ಹಲಗೆ ಬಿದ್ದುಹೋದ ಹಾಗೆ ಬಿಡಬಹುದು. ಬೆರಳು ಜೋಪಾನ, ಅಂಚು ಬ್ಲೇಡ್‌ನಂತೆ ಕುಯ್ಯುತ್ತದೆ. ಜೆಯ ಜಾಲರಿ ಬೇಕಾದವರು ಮಾತ್ರ ಹಿತ್ತಾಳೆ ಸೆಟ್ ಕೊಳ್ಳಿ. ಸೊಳ್ಳೆ ಪರದೆಯ ಜಾಲರಿ ಈ ಅಳತೆಗೆ ದಪ್ಪ ಕಾಣುತ್ತದೆ.

ಪಾಂಜರ್ 4ರಿಂದ ಸ್ಟುಗ್ 4 ಮಾಡಬಹುದಾ?

ನನ್ನ ಕೇಳಿದರೆ ಈ ಇಡೀ ಹವ್ಯಾಸದಲ್ಲೇ ರುಚಿಯಾದ ಕೆಲಸ ಇದು, ಯಾಕೆಂದರೆ ನಿಜವಾದ ಗಾಡಿಯೇ ಎರಡು ಕಿಟ್ ಸೇರಿಸಿ ಮಾಡಿದ್ದು. 1943ರ ನವೆಂಬರ್ ಕೊನೆಯಲ್ಲಿ ಬರ್ಲಿನ್ ಮೇಲೆ ಬಾಂಬ್ ಬಿದ್ದು, ಸ್ಟುಗ್ 3 ಕಟ್ಟುತ್ತಿದ್ದ ಆಲ್ಕೆಟ್ ಕಾರ್ಖಾನೆ ಹಾಳಾಯಿತು. ಸೈನ್ಯಕ್ಕೆ ಸ್ಟುಗ್ ಬೇಕೇ ಬೇಕು. ಆಗ ಕ್ರುಪ್‌ನವರು ಸ್ಟುಗ್ 3ರ ಮೇಲಿನ ಪೆಟ್ಟಿಗೆಯನ್ನು ಪಾಂಜರ್ 4ರ ಹಲ್ ಮೇಲೆ ಕೂರಿಸಿ, ಡಿಸೆಂಬರ್‌ನಿಂದ ಕಳಿಸತೊಡಗಿದರು. ಒಟ್ಟು 1,100ಕ್ಕೂ ಹೆಚ್ಚು ಬಂದವು.

ನೀವೂ ಅದೇ ಮಾಡಿ. ಪಾಂಜರ್ 4 ಎಚ್ ಅಥವಾ ಜೆ ಕಿಟ್‌ನ ಕೆಳಗಿನ ಹಲ್, ಚಕ್ರ, ಟ್ರ್ಯಾಕ್. ಸ್ಟುಗ್ 3 ಜಿ ಕಿಟ್‌ನ ಮೇಲಿನ ಪೆಟ್ಟಿಗೆ. ಕೂರಿಸಿದಾಗ ಸಮಸ್ಯೆ ಗೊತ್ತಾಗುತ್ತದೆ: ಪಾಂಜರ್ 4ರ ಹಲ್ ಉದ್ದ, ಚಾಲಕ ಪೆಟ್ಟಿಗೆಯ ಹೊರಗೇ ಉಳಿಯುತ್ತಾನೆ. ಕ್ರುಪ್‌ನವರಿಗೂ ಇದೇ ಸಮಸ್ಯೆ ಬಂತು. ಅವರು ಚಾಲಕನಿಗೆ ಎಡಗಡೆ ಮುಂದೆ ಒಂದು ಪ್ರತ್ಯೇಕ ಗೂಡು ಕಟ್ಟಿದರು, ಅದರ ಮೇಲೆ ಹ್ಯಾಚ್, ಎರಡು ಪೆರಿಸ್ಕೋಪ್. ಈ ಗೂಡನ್ನು ನೀವು 1 ಮಿ.ಮೀ. ಸ್ಟೈರೀನ್ ಶೀಟ್‌ನಲ್ಲಿ (ಕಿಟ್‌ನಂಥದ್ದೇ ಪ್ಲಾಸ್ಟಿಕ್ ಹಾಳೆ) ಕಟ್ಟಬೇಕು. ಮೊದಲು ಗಟ್ಟಿ ಕಾಗದದಲ್ಲಿ ಕತ್ತರಿಸಿ, ಜೋಡಿಸಿ ನೋಡಿ, ಓರೆಗಳು ಸರಿಬಂದ ಮೇಲೆ ಶೀಟ್‌ಗೆ ಗುರುತು ಹಾಕಿ. ಬಲಗಡೆ ಮುಂದಿನ ಖಾಲಿ ಜಾಗದಲ್ಲಿ ಎಷ್ಟೋ ತಂಡಗಳು ಕಾಂಕ್ರೀಟ್ ಸುರಿದಿದ್ದವು. ಪುಟ್ಟಿಯಲ್ಲಿ ಒಂದಿಷ್ಟು ಸಣ್ಣ ಮರಳು ಬೆರೆಸಿ ಮೆತ್ತಿದರೆ ಹಾಗೇ ಕಾಣುತ್ತದೆ.

ಎರಡು ಕಿಟ್ ದುಡ್ಡು ಯಾಕೆ, ಸ್ಟುಗ್ 4 ಕಿಟ್ಟೇ ಸಿಗುತ್ತದಲ್ಲ ಅನ್ನುತ್ತೀರಾ? ಸಿಗುತ್ತದೆ. ಬೇಗ ಮುಗಿಸಬೇಕು ಅಂದರೆ ಅದನ್ನೇ ತಗೊಳ್ಳಿ.

ಪಾಂಜರ್ 3ರಿಂದ ಸ್ಟುಗ್ 3?

ಕೆಳಗಿನ ಹಲ್ ಮತ್ತು ಚಕ್ರ ಮಾತ್ರ ಕೆಲಸಕ್ಕೆ ಬರುತ್ತವೆ. ಮೇಲಿನದ್ದೆಲ್ಲ ಬೇರೆ. ಹತ್ತಿರದ ಸ್ಟುಗ್ ಕಿಟ್ ಕೊಳ್ಳುವುದು ಅಗ್ಗ.

ಎಸ್‌ಡಿ.ಕೆಎಫ್‌ಜೆಡ್. 251 ಹಾಫ್‌ಟ್ರ್ಯಾಕ್‌ನ ಸಿ ಯಿಂದ ಡಿ ಮಾಡಬಹುದಾ?

ಬೇಡ. ಸಿಯ ಹಿಂಭಾಗ ಮಡಿಸಿದ ಎರಡು ಹಲಗೆಗಳದ್ದು, ಬಾಗಿಲುಗಳೂ ಮಡಿಸಿದವು. 1943ರ ಸೆಪ್ಟೆಂಬರ್‌ನಿಂದ ಬಂದ ಡಿಯಲ್ಲಿ ಒಂದೇ ಓರೆ ಹಲಗೆ, ಚಪ್ಪಟೆ ಬಾಗಿಲು. ಪಕ್ಕದ ಪೆಟ್ಟಿಗೆಗಳು ದೇಹಕ್ಕೇ ಸೇರಿಹೋದವು. ಹಿಂದಿನ ಅರ್ಧ ಗಾಡಿ ಹೊಸದಾಗಿ ಕಟ್ಟಿದಂತೆ.

ಆದರೆ ಡಿಯನ್ನು ಡಿಯಾಗೇ ಇಟ್ಟುಕೊಂಡು ಬೇರೆ ಕೆಲಸದ ಗಾಡಿ ಮಾಡುವುದು ಮಜಾ ಇದೆ. 251/1 ಸೈನಿಕರನ್ನು ಹೊರುವುದು, /7 ಪಯೋನಿಯರ್ (ಸೇನೆಯ ಎಂಜಿನಿಯರ್) ತಂಡದ್ದು, ಅದರ ಪಕ್ಕಗಳ ಮೇಲೆ ಸೇತುವೆ ಹಲಗೆ. /8 ಆಂಬುಲೆನ್ಸ್. /9ರಲ್ಲಿ ಆ ಹಳೇ ಮೋಟು ಎಲ್/24 ಫಿರಂಗಿ, ಪಾಂಜರ್ 4 ಬಿಟ್ಟದ್ದನ್ನು ಇದು ತೊಟ್ಟಿತು. /21ರಲ್ಲಿ ವಿಮಾನಗಳಲ್ಲಿ ಬಳಸುತ್ತಿದ್ದ ಫಿರಂಗಿಯ ಮೂರು ನಳಿಗೆ, /22ರಲ್ಲಿ ಪಾಕ್ 40 ಎಂಬ ಟ್ಯಾಂಕ್-ವಿರೋಧಿ ಫಿರಂಗಿ. ಪಾಕ್ 40ರ ಪ್ರತ್ಯೇಕ ಕಿಟ್ ಕೊಂಡು ಅದರ ಚಕ್ರ, ಕಾಲು ಬಿಟ್ಟು ಮೇಲ್ಭಾಗ ಕೂರಿಸಿದರೆ /22ರ ಬಹುಪಾಲು ಬಂತು. ಕೆಳಗಿನ ಉಕ್ಕಿನ ಪೀಠ, ಮುಂದಿನ ಛಾವಣಿಯ ಕತ್ತರಿಸಿದ ಭಾಗ ಶೀಟ್‌ನಲ್ಲಿ ಮಾಡಿಕೊಳ್ಳಿ.

ಉಲ್ಲೇಖಕ್ಕೆ ಸಿನಿಮಾ ನೋಡುವವರಿಗೆ ಒಂದು ಮಾತು. ತೆರೆಯ ಮೇಲೆ ಓಡುವ ಎಷ್ಟೋ "251"ಗಳು ಯುದ್ಧದ ನಂತರ ಚೆಕೊಸ್ಲೊವಾಕಿಯಾ ಕಟ್ಟಿದ ಓಟಿ-810ಗಳು. ತಟ್ರಾ ಡೀಸೆಲ್ ಎಂಜಿನ್, ಬೇರೆ ಟ್ರ್ಯಾಕ್. ಟ್ರ್ಯಾಕ್ ಮೇಲೆ ರಬ್ಬರ್ ದಿಂಡು ಇಲ್ಲದಿದ್ದರೆ ಅನುಮಾನ ಪಡಿ.

ಪ್ಯಾಂಥರ್ ಎ ಯಿಂದ ಜಿ? ಟೈಗರ್ 1 ಮೊದಲಿನದ್ದರಿಂದ ಕೊನೆಯದ್ದು?

ಪ್ಯಾಂಥರ್ ಜಿಯ ಮೇಲಿನ ಹಲ್ ಗೋಡೆಯೇ ಬೇರೆ. ಮೊದಲಿನವಕ್ಕೆ 40 ಮಿ.ಮೀ. ಗೋಡೆ 40 ಡಿಗ್ರಿ ಓರೆ, ಜಿಗೆ 50 ಮಿ.ಮೀ., 29 ಡಿಗ್ರಿ. ಮುಂದಿನ ಚಾಲಕನ ಕಿಂಡಿ ಇಲ್ಲ. ಮೇಲಿನ ಹಲ್ ಪೂರ್ತಿ ಬದಲು, ಬಿಟ್ಟುಬಿಡಿ. ಡಿ ಮತ್ತು ಎ ನಡುವೆ ಓಡಾಡುವುದು ಸಾಧ್ಯ: ಡಿಗೆ ಡ್ರಮ್ ಆಕಾರದ ಕ್ಯುಪೋಲಾ, ಎಗೆ ಪೆರಿಸ್ಕೋಪ್ ಇರುವ ಎರಕದ್ದು. ಮುಂದಿನ ಮೆಷಿನ್‌ಗನ್ನಿಗೆ ಅಂಚೆಪೆಟ್ಟಿಗೆಯ ಬಾಯಿಯಂಥ ಮುಚ್ಚಳ ಡಿಯಲ್ಲಿತ್ತು. ಮೊದಲ ಎಗಳಲ್ಲೂ ಅದೇ, ಚೆಂಡಿನಾಕಾರದ ಮೌಂಟ್ ಆಮೇಲೆ ಬಂತು.

ಟೈಗರ್‌ನಲ್ಲಿ ಡ್ರಮ್ ಕ್ಯುಪೋಲಾ 1943ರ ಜುಲೈವರೆಗೆ, ಉಕ್ಕಿನ ಅಂಚಿನ ಚಕ್ರ 1944ರ ಫೆಬ್ರವರಿಯಿಂದ. ನಡುವಿನ ತಿಂಗಳುಗಳಲ್ಲಿ ಎರಕದ ಕ್ಯುಪೋಲಾ, ರಬ್ಬರ್ ಚಕ್ರ, ಜಿಮ್ಮರಿಟ್ ಮೂರೂ ಒಟ್ಟಿಗೆ. ಟ್ಯುನೀಷಿಯಾದಲ್ಲಿ 1943ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದು ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿರುವ ಟೈಗರ್ 131ರ ಫೋಟೋಗಳು ಎಲ್ಲೆಲ್ಲೂ ಇವೆ. ಅದು ಮೊದಲಿನ ಗಾಡಿ ಅನ್ನುವುದು ನೆನಪಿರಲಿ.

ಬಣ್ಣವೂ ತಿಂಗಳ ಮೇಲೆ ಹೋಗುತ್ತದಾ?

ಹೌದು. 1943ರ ಫೆಬ್ರವರಿವರೆಗೆ ಯುರೋಪ್‌ನ ಗಾಡಿಗಳು ಕಡು ಬೂದು, ರಾಲ್ 7021 (ರಾಲ್ ಅಂದರೆ ಜರ್ಮನ್ ಬಣ್ಣಗಳ ನಂಬರ್ ಪಟ್ಟಿ). ಆಮೇಲೆ ಮೂಲ ಬಣ್ಣ ಕಡು ಹಳದಿ, ಅದರ ಮೇಲೆ ತಂಡದವರೇ ಬಳಿದ ಹಸಿರು (6003) ಮತ್ತು ಕೆಂಗಂದು (8017). ಹಾಗಾಗಿ ಚೆಂಡಿನ ಮಜಲ್ ಬ್ರೇಕ್‌ನ ಎಫ್2ಗೆ ಬೂದು ಒಪ್ಪುತ್ತದೆ, ಆಫ್ರಿಕಾದ್ದಾದರೆ ಮರಳಿನ ಬಣ್ಣ. ಜೆಗೆ ಬೂದು ಬಳಿಯಬೇಡಿ. ಹಳೇ ಗಾಡಿಯನ್ನು 1943ರಲ್ಲಿ ಮತ್ತೆ ಬಳಿದಿದ್ದರೆ ಹಳದಿಯ ಕೆಳಗೆ ಬೂದು ಇಣುಕುತ್ತದೆ, ಅದನ್ನು ತೋರಿಸಿದರೆ ಮಾದರಿಗೆ ಜೀವ ಬರುತ್ತದೆ.

ನಮ್ಮಲ್ಲಿ ಸ್ಟೈರೀನ್ ಶೀಟ್ ಸಿಗಲ್ಲ. ಸನ್‌ಬೋರ್ಡ್ ಆಗುತ್ತದಾ?

ಆಗುವುದಿಲ್ಲ. ಸ್ಟೇಷನರಿ ಅಂಗಡಿಯ ಸನ್‌ಬೋರ್ಡ್ ಪಿವಿಸಿ ನೊರೆ. ಕಿಟ್ ಸಿಮೆಂಟ್ ಅದನ್ನು ಕರಗಿಸಿ ಬೆಸೆಯುವುದಿಲ್ಲ, ಅಂಚು ರಂಧ್ರರಂಧ್ರ. ಡಿಸ್‌ಪೋಸಬಲ್ ಲೋಟ, ಡಬ್ಬಿಗಳ ತಳದ ತ್ರಿಕೋನ ನೋಡಿ. 6 ಅಂತಿದ್ದರೆ ಪಾಲಿಸ್ಟೈರೀನ್, ಕಿಟ್‌ನದ್ದೇ ಜಾತಿ. 5 ಇದ್ದರೆ ಬಿಡಿ, ಯಾವ ಅಂಟೂ ನಿಲ್ಲುವುದಿಲ್ಲ. ಉಳಿದ ಸ್ಪ್ರೂ ಚೂರುಗಳನ್ನು ತೆಳು ಸಿಮೆಂಟ್ ಬಾಟಲಿಯಲ್ಲಿ ಕರಗಿಸಿಟ್ಟುಕೊಂಡರೆ ಬಿರುಕು ಮುಚ್ಚಲು ಅದಕ್ಕಿಂತ ಒಳ್ಳೆಯ ಪುಟ್ಟಿ ಇಲ್ಲ. ಫೆವಿಕ್ವಿಕ್ ಜೊತೆ ಟಾಲ್ಕಂ ಪೌಡರ್ ಬೆರೆಸಿದರೂ ತೂತು ಮುಚ್ಚಬಹುದು. ಆದರೆ ಅದೇ ದಿನ ಉಜ್ಜಿಬಿಡಿ, ಮರುದಿನಕ್ಕೆ ಕಲ್ಲಾಗಿರುತ್ತದೆ.

ರೆಸಿನ್ 3ಡಿ ಪ್ರಿಂಟರ್ ಇರುವ ಗೆಳೆಯರಿದ್ದರೆ ಹ್ಯಾಚ್, ಮಜಲ್ ಬ್ರೇಕ್, ಸೈಲೆನ್ಸರ್ ಅವರಲ್ಲಿ ಮಾಡಿಸಿ. ದೊಡ್ಡ ಚಪ್ಪಟೆ ಹಲಗೆ ಮಾತ್ರ ಬೇಡ, ಬಾಗುತ್ತದೆ. ಅದಕ್ಕೆ ಶೀಟೇ ಸರಿ. ಒಣಗದ ರೆಸಿನ್ ಬರಿಗೈಯಲ್ಲಿ ಮುಟ್ಟಬೇಡಿ.

ನಾಜಿ ಗಾಡಿಗಳನ್ನು ಕಟ್ಟುವುದು ಸರಿಯಾ? ಡೆಕಾಲ್ (ಅಂಟಿಸುವ ಗುರುತು) ಹಾಕಬೇಕಾ?

ಟ್ಯಾಂಕ್‌ಗಳ ಮೇಲೆ ಸಾಮಾನ್ಯವಾಗಿ ಇದ್ದದ್ದು ಕಪ್ಪು-ಬಿಳಿ ಶಿಲುಬೆ ಮತ್ತು ನಂಬರ್. ಸ್ವಸ್ತಿಕ ಇದ್ದದ್ದು ವಿಮಾನದಿಂದ ಗುರುತಿಸಲು ಹಾಸುತ್ತಿದ್ದ ಬಾವುಟದಲ್ಲಿ. ಜರ್ಮನಿಯಲ್ಲಿ ಅದನ್ನು ಸಾರ್ವಜನಿಕವಾಗಿ ತೋರಿಸುವುದು ಕಾನೂನಿಗೆ ವಿರುದ್ಧ. ಹಾಗಾಗಿ ಎಷ್ಟೋ ಡೆಕಾಲ್ ಹಾಳೆಗಳಲ್ಲಿ ಅದು ಇರುವುದೇ ಇಲ್ಲ. ಇಲ್ಲದಿದ್ದರೆ ಗಾಡಿಗೇನೂ ಕಮ್ಮಿಯಾಗುವುದಿಲ್ಲ.

ಕಟ್ಟುವುದು ಸರಿಯಾ ಅನ್ನುವುದಕ್ಕೆ ನನ್ನ ಉತ್ತರ: ಕಟ್ಟಿ, ಆದರೆ ಪೂರ್ತಿ ಓದಿ. ಮೇಲೆ ಹೇಳಿದ ಕೊನೆಯ ಜೆಗಳ ಸೇಂಟ್ ವ್ಯಾಲೆಂಟಿನ್‌ನಲ್ಲಿ 1944ರಲ್ಲಿ ಮೌಟ್‌ಹೌಸನ್ ಸೆರೆಶಿಬಿರದ ಉಪಶಿಬಿರ ತೆರೆದರು. ಅಲ್ಲಿನ ಕೈದಿಗಳನ್ನು ನಿಬೆಲುಂಗನ್‌ವೆರ್ಕ್‌ನಲ್ಲಿ ದುಡಿಸಿದರು. ವೆಲ್ಡಿಂಗ್ ಒರಟಾಯಿತು, ಚಕ್ರ ಕಡಿಮೆಯಾಯಿತು ಅಂತ ನಾವು ಖುಷಿಯಿಂದ ಪಟ್ಟಿ ಮಾಡುವ ತಿಂಗಳುಗಳು ಇವೇ. ಎಸ್‌ಎಸ್ (ನಾಜಿ ಪಕ್ಷದ ಪಡೆ) ಘಟಕದ ಗುರುತು ಹಾಕಿ "ವೀರರು" ಅಂತ ಬೋರ್ಡ್ ಬರೆಯುವವರ ಮೇಜಿನ ಹತ್ತಿರ ನಾನು ನಿಲ್ಲುವುದಿಲ್ಲ.

ಒಂದೇ ಗಾಡಿಯಲ್ಲಿ ಎರಡು ಮಾದರಿಯ ಭಾಗ ಕಂಡರೆ ತಪ್ಪಾ?

ಫೋಟೋ ಇದ್ದರೆ ತಪ್ಪಲ್ಲ. ರಿಪೇರಿಗೆ ಹೋದ ಗಾಡಿಗೆ ಡಿಪೋದಲ್ಲಿ ಸಿಕ್ಕಿದ ಭಾಗ ಹಾಕುತ್ತಿದ್ದರು. ಹಳೇ ಡಿ ಗಾಡಿಗೆ ಉದ್ದ ಬ್ಯಾರೆಲ್, ಶೂರ್ಟ್ಸನ್ ಎರಡೂ ಹಾಕಿ ತರಬೇತಿಗೆ ಕಳಿಸಿದ್ದುಂಟು. ಅಂಥ ಒಂದು ಗಾಡಿ ಬೋವಿಂಗ್ಟನ್‌ನಲ್ಲೇ ಇದೆ. ಡಿ ಕಿಟ್ ಇಟ್ಟುಕೊಂಡು ಉದ್ದ ಬ್ಯಾರೆಲ್ ಹಾಕಲೇಬೇಕು ಅಂತ ಹಟ ಇರುವವರಿಗೆ ಇದೇ ದಾರಿ: ಮೆಟ್ಟಿಲು ಮುಂಗೋಡೆ ಹಾಗೇ ಇರಲಿ, ಒಂಟಿ ಬಾಗಿಲೂ ಇರಲಿ, ಬ್ಯಾರೆಲ್ ಮಾತ್ರ ಬದಲಾಯಿಸಿ.

ಉಳಿದ ಭಾಗಗಳನ್ನು ಎಸೆಯಲಾ?

ಎಸೆಯಬೇಡಿ. ಮಜಲ್ ಬ್ರೇಕ್, ಹ್ಯಾಚ್, ಸೈಲೆನ್ಸರ್, ಬಿಡಿ ಟ್ರ್ಯಾಕ್ ಕೊಂಡಿಗಳನ್ನು ಬೇರೆ ಬೇರೆ ಜಿಪ್ ಕವರ್‌ನಲ್ಲಿ ಹಾಕಿ, ಮೇಲೆ ಕಿಟ್ ಹೆಸರು ಮತ್ತು ಸ್ಪ್ರೂ ಅಕ್ಷರ ಬರೆದಿಡಿ. ಪಾಂಜರ್ 4ರ ಟ್ರ್ಯಾಕ್ ಕೊಂಡಿ ಜಾಸ್ತಿ ಇಟ್ಟುಕೊಳ್ಳಿ, ಮುಂಗೋಡೆಗೆ ಹೆಚ್ಚುವರಿ ರಕ್ಷಣೆ ಅಂತ ತಂಡದವರು ನೇತುಹಾಕುತ್ತಿದ್ದದ್ದು ಅದನ್ನೇ. ಎಲ್/24 ಬ್ಯಾರೆಲ್ ಅಂತೂ ಬಿಡಲೇಬೇಡಿ, 251/9ಕ್ಕೆ ಬೇಕಾಗುತ್ತದೆ.